ಉಜ್ಜಿ ಅಳಿಸಿದ ಮುಖ

ಭಾನುವಾರ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ತಬಾಕಾ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ಅನಾಥ ಮಕ್ಕಳ ಊಟದ ನಿಧಿಯ ಕಾರ್ಯದರ್ಶಿ ಒನ್ಸೊಂಗೊ. ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದವನು ಮುದುಕ ಶಿಲ್ಪಿ ನ್ಯಾಮ್ವೆಯಾ. ಶಿಲ್ಪಿಗಳ ಸಂಘದ ಕೋಣೆಯಲ್ಲಿದ್ದ ‘ಹಸಿದ ಮಗು’ ಕಳವಾಗಿದೆ ಎಂಬುದು ದೂರಿನ ಸಾರ.

ಇನ್ಸ್‌ಪೆಕ್ಟರ್ ಬರಾಸಾಗೆ ಆ ಶಿಲ್ಪದ ಪರಿಚಯ ಬೇಕಿರಲಿಲ್ಲ. ಬಳಪದ ಕಲ್ಲಿನಲ್ಲಿ ನ್ಯಾಮ್ವೆಯಾ ಕೆತ್ತಿದ ಒಂದೂವರೆ ಅಡಿಯ ಹುಡುಗಿ, ಕೈಯಲ್ಲಿ ಖಾಲಿ ತಟ್ಟೆ, ಅಳು ಉಕ್ಕುವ ತುಟಿ. ಇಪ್ಪತ್ತೆರಡು ವರ್ಷಗಳಿಂದ ನಿಧಿಯವರು ಅದನ್ನು ನೈರೋಬಿಯ ದೊಡ್ಡ ಹೋಟೆಲುಗಳಿಗೂ ಹೊರದೇಶಗಳಿಗೂ ಹೊತ್ತೊಯ್ದು ಚಂದಾ ಎತ್ತುತ್ತಿದ್ದರು. ಅದರ ಚಿತ್ರದ ಕಾರ್ಡೊಂದು ಬರಾಸಾನ ಮೇಜಿನ ಗಾಜಿನಡಿಯಲ್ಲೂ ಇತ್ತು. ವರ್ಷಕ್ಕೊಮ್ಮೆ ಚಂದಾ ಕೊಟ್ಟು, ಆ ಮುಖ ನೋಡಿ, ತಾನು ಒಳ್ಳೆಯವನೆಂದು ಸಮಾಧಾನಪಟ್ಟುಕೊಳ್ಳುವ ಜನರಲ್ಲಿ ಅವನೂ ಒಬ್ಬ.

“ಕೊನೇ ಸಲ ನೋಡಿದ್ದು ಯಾವಾಗ?”

“ಶುಕ್ರವಾರ ಸಂಜೆ ಐದಕ್ಕೆ. ನಾನೇ ಬೀಗ ಹಾಕ್ದೆ.”

“ಬೀಗದ ಕೈ?”

“ಕಿಟಕಿ ಮೇಲಿರತ್ತೆ. ಊರಿಗೆಲ್ಲ ಗೊತ್ತು.”

“ಭೇಷ್. ಮತ್ತೆ ಬೀಗ ಯಾತಕ್ಕೆ ಹಾಕ್ತೀರಿ? ಅನುಮಾನ ಯಾರ ಮೇಲೆ?”

“ಹೊರಗಿನವರದೇ ಕೆಲಸ ಸಾರ್. ಮಕ್ಕಳ ಬಾಯಿಗೆ ಹೋಗೋ ತುತ್ತು ಅದು. ನಮ್ಮೂರಿನವರು ಅಷ್ಟು ಕೆಟ್ಟಿಲ್ಲ.”

ನ್ಯಾಮ್ವೆಯಾ ಟೋಪಿ ತಿರುಗಿಸುತ್ತ ನೆಲ ನೋಡುತ್ತಿದ್ದ. ದೂರಿನ ಕೆಳಗೆ ಸಾಕ್ಷಿ ಎಂದು ರುಜು ಹಾಕುವಾಗ ತನ್ನ ಹೆಸರನ್ನೇ ತಪ್ಪಿ ಬರೆದು ಹೊಡೆದುಹಾಕಿದ. ವಯಸ್ಸಾಯಿತಲ್ಲ ಎಂದು ಬರಾಸಾ ಅಂದುಕೊಂಡ.

9 ಗಂಟೆ 5 ನಿಮಿಷಕ್ಕೆ ಸ್ಥಳ ಮಹಜರು ಶುರುವಾಯಿತು. ಜೊತೆಗಿದ್ದವಳು ಕಾನ್‌ಸ್ಟೇಬಲ್ ಕೆರುಬೊ. ಅವಳ ತಾಯಿ ಇಲ್ಲೇ ಕಲ್ಲು ಉಜ್ಜಿ ಅವಳನ್ನು ಓದಿಸಿದವಳು. ಈ ಊರಲ್ಲಿ ಕೆತ್ತುವವರು ಗಂಡಸರು, ನೀರಿನ ಬಾನಿಯಲ್ಲಿ ಅದ್ದಿ ಉಜ್ಜುವವರು ಹೆಂಗಸರು. ಹೆಸರು ಮಾತ್ರ ಕೆತ್ತಿದವನದು.

ಕೋಣೆಯಲ್ಲಿ ಏನೂ ಸಿಗಲಿಲ್ಲ. ಕೆರುಬೊ ಪಕ್ಕದ ಉಜ್ಜುವ ಚಪ್ಪರಕ್ಕೆ ಹೋಗಿ ಅಲ್ಲಿಂದಲೇ ಕೂಗಿದಳು. ಒಣಗಿಸುವ ಹಲಗೆಯ ಮೇಲೆ ಆನೆ, ನೀರಾನೆಗಳ ಸಾಲಿನ ನಡುವೆ ‘ಹಸಿದ ಮಗು’ ನಿಂತಿತ್ತು. ತಟ್ಟೆ ಇತ್ತು, ಪಕ್ಕೆಲುಬುಗಳಿದ್ದವು. ಮುಖ ಇರಲಿಲ್ಲ. ಕಣ್ಣು, ಮೂಗು, ತುಟಿ ಎಲ್ಲ ಹೋಗಿ ತಲೆ ಮೊಟ್ಟೆಯಂತೆ ನುಣ್ಣಗಾಗಿತ್ತು.

“ಸುತ್ತಿಗೆ ಇಲ್ಲೇ ಬಿದ್ದಿದೆ. ಎರಡೇಟಿಗೆ ಮುಗೀತಿತ್ತಲ್ಲ?” ಎಂದ ಬರಾಸಾ.

“ಅದೇ ಸಾರ್ ವಿಚಿತ್ರ. ಮೊದಲು ಅರ ಹಾಕಿದ್ದಾರೆ. ಆಮೇಲೆ ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಅದಕ್ಕಿಂತ ನಯದ್ದು. ಬಿಸಿಲಲ್ಲಿ ಒಣಗಿಸಿ ಮೇಣ ಬೇರೆ ಹಚ್ಚಿದ್ದಾರೆ. ಇಡೀ ದಿನದ ಕೆಲಸ.”

“ಹಾಡಹಗಲೇ ಇಡೀ ದಿನ ಉಜ್ಜಿದ್ರೂ ಯಾರೂ ನೋಡ್ಲಿಲ್ವಾ?”

“ನಿನ್ನೆ ಶನಿವಾರ ಸಾರ್.”

ಬರಾಸಾ ಬೇರೆ ಜಿಲ್ಲೆಯವನು, ಅವನ ಪ್ರಾರ್ಥನೆಯ ದಿನ ಭಾನುವಾರ. ಇಲ್ಲಿ ಶನಿವಾರ ಊರಿಗೆ ಊರೇ ಚರ್ಚಿನಲ್ಲಿರುತ್ತದೆ. ಆ ದಿನ ಕಲ್ಲು ಮುಟ್ಟುವವರಿಲ್ಲ.

“ಕದ್ದವರು ಇದನ್ನ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಯಾಕಿಟ್ರು?”

“ಇಟ್ಟಿದ್ದಲ್ಲ ಸಾರ್, ಒಣಗೋಕೆ ಬಿಟ್ಟಿದ್ದಾಳೆ. ಉಜ್ಜಿ ಮುಗಿದ ಮೇಲೆ ಕೈ ತಾನಾಗೇ ಹಲಗೆಗೆ ಹೋಗತ್ತೆ.”

ಕೆರುಬೊ ‘ಬಿಟ್ಟಿದ್ದಾಳೆ’ ಅಂದದ್ದು ಬರಾಸಾನ ಕಿವಿಗೆ ಬಿತ್ತು.

ಉಜ್ಜುವ ಹೆಂಗಸರಲ್ಲೆಲ್ಲ ಹಿರಿಯಳು ಬೋಸಿಬೊರಿ. 10 ಗಂಟೆ 30 ನಿಮಿಷಕ್ಕೆ ಅವಳನ್ನು ಕರೆಸಿದರು. ಅವಳು ಕಣ್ಣು ಮುಚ್ಚಿ ಆ ನುಣುಪಿನ ಮೇಲೆ ಬೆರಳಾಡಿಸಿದಳು. ಬೆರಳು ಕಿವಿಯ ಹಿಂದಿನ ಸಂದಿಗೆ ಹೋಗಿ ಅಲ್ಲಿ ನಿಂತಿತು. ಉಜ್ಜಿದವರ ಕೈಗುರುತು ಸಿಗುವುದು ಅಂಥ ಸಂದಿಯಲ್ಲೇ.

“ಯಾರ ಕೈ ಅಜ್ಜಿ?”

“ಗೊತ್ತಿಲ್ಲ.”

“ಗೊತ್ತಿಲ್ಲದಿದ್ರೆ ಕಣ್ಣಲ್ಲಿ ನೀರ್ಯಾಕೆ?”

“ಧೂಳು. ನಲವತ್ತು ವರ್ಷದ ಧೂಳು. ನಿಮಗ್ಯಾಕೆ ಬಿಡಿ.”

ಚರ್ಚಿನ ಶನಿವಾರದ ಪಾಠಕ್ಕೆ ಹಾಜರಿ ಪುಸ್ತಕವಿದೆ. 12 ಗಂಟೆಗೆ ಅದನ್ನು ತರಿಸಿ ನೋಡಿದರು. ಕಲ್ಲು ಉಜ್ಜುವ ಹನ್ನೊಂದು ಹೆಂಗಸರಲ್ಲಿ ಹತ್ತು ಮಂದಿ ಹಾಜರು. ಗೈರಾದವಳು ಕೆಮುಂಟೊ, ವಯಸ್ಸು ಇಪ್ಪತ್ತೊಂಬತ್ತು, ಕಾರಣ ಮಗಳಿಗೆ ಜ್ವರ. ತಂದೆಯ ಹೆಸರು ನ್ಯಾಮ್ವೆಯಾ.

1 ಗಂಟೆ 15 ನಿಮಿಷಕ್ಕೆ ಅವರು ಕೆಮುಂಟೊಳ ಮನೆ ತಲುಪಿದಾಗ ಅವಳ ಮಗಳು ಹೊಸಿಲ ಮೇಲೆ ಕೂತು ಮುದ್ದೆ, ಸೊಪ್ಪು ತಿನ್ನುತ್ತಿದ್ದಳು. ಏಳು ವರ್ಷದ ಹುಡುಗಿ. ಜ್ವರದ ಸುಳಿವೇ ಇರಲಿಲ್ಲ. ಅವಳು ತಲೆ ಎತ್ತಿ ಬರಾಸಾನನ್ನು ನೋಡಿದಳು. ಮೇಜಿನ ಗಾಜಿನಡಿಯ ಕಾರ್ಡಿನ ಮುಖವೇ ಅದು. ಒಳಗಿನಿಂದ ಬಂದ ತಾಯಿಯದೂ ಅದೇ ಮುಖ, ಇಪ್ಪತ್ತೆರಡು ವರ್ಷ ದೊಡ್ಡದಾಗಿತ್ತು. ಇವಳನ್ನು ಅವನು ಸಂತೆಯಲ್ಲಿ ನೂರು ಸಲ ಕಂಡಿದ್ದ. ಒಮ್ಮೆಯೂ ಗುರುತು ಹಿಡಿದಿರಲಿಲ್ಲ. ಅದಕ್ಕೆ ಅವನಿಗೆ ನಾಚಿಕೆಯಾಯಿತು.

“ಮಗು ಊಟ ಮುಗಿಸ್ಲಿ ಸಾರ್. ಆಮೇಲೆ ಬರ್ತೀನಿ,” ಎಂದಳು ಕೆಮುಂಟೊ.

ಕಾದರು. ಮಗುವನ್ನು ಬೋಸಿಬೊರಿಯ ಮನೆಗೆ ಬಿಟ್ಟು, 1 ಗಂಟೆ 50 ನಿಮಿಷಕ್ಕೆ ಕೆಮುಂಟೊಳನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವನು ಬರಾಸಾನೇ.

“ಒಡೆದು ಹಾಕಬಹುದಿತ್ತಲ್ಲಮ್ಮ?”

“ಕಲ್ಲೇನು ತಪ್ಪು ಮಾಡಿತ್ತು ಸಾರ್? ಆ ಮುಖ ಹೋದ್ರೆ ನನಗೆ ಸಾಕಿತ್ತು. ಆಮೇಲೆ ಅರ್ಧಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ.”

“ನಿಧಿಯವರ ಪುಸ್ತಕದಲ್ಲಿ ಆ ಹುಡುಗಿ ಅನಾಥೆ ಅಂತಿದೆ.”

“ಅಪ್ಪ ಇದ್ರು. ಅಮ್ಮನೂ ಇದ್ಳು, ಅಲ್ಲೇ ಪಕ್ಕದ ಬಾನೀಲಿ ಕಲ್ಲು ಉಜ್ಜುತಾ ಇದ್ಳು. ಒಲೆ ಮೇಲೆ ಊಟಾನೂ ಇತ್ತು.”

“ಮತ್ತೆ ಅಳು?”

“ಮುಖ ಸರಿಯಾಗಿ ಬರೋವರೆಗೂ ಅಪ್ಪ ಊಟ ಕೊಡಲಿಲ್ಲ. ಎರಡು ದಿನ. ಬೇರೆ ಮಕ್ಕಳ ಹೊಟ್ಟೆ ತುಂಬತ್ತೆ, ತಡ್ಕೋ ಮಗಳೇ ಅಂದ್ರು. ತುಂಬಿತು ಸಾರ್, ಸುಳ್ಳಲ್ಲ. ನೂರಾರು ಮಕ್ಕಳು ಉಂಡ್ರು. ಅದಕ್ಕೇ ನಾನೂ ಬಾಯಿ ಬಿಡಲಿಲ್ಲ. ಶಾಲೇಲಿ ನನ್ನ ಹಸಿವಮ್ಮ ಅಂತ ಕರೀತಿದ್ರು. ಮದುವೆ ದಿನ ಅತ್ತೆ ನಕ್ಕೊಂಡು, ಇವಳಿಗೆ ಎರಡು ತಟ್ಟೆ ಬಡಿಸಿ ಅಂದ್ಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

“ಈಗ್ಯಾಕೆ ಹೀಗೆ ಮಾಡ್ದೆ?”

ಅವಳು ಉಗುರಿನ ಕಲ್ಲುಧೂಳು ಕೆರೆಯುತ್ತ ಹೇಳಿದಳು. ಹಳೆಯ ಶಿಲ್ಪದ ಜೋಡಿಗೆ ಹೊಸದೊಂದು ಬೇಕೆಂದು ಕಾರ್ಯದರ್ಶಿ ಕೇಳಿದ್ದರಂತೆ. ಅಪ್ಪ ಒಪ್ಪಿಕೊಂಡಿದ್ದನಂತೆ.

“ಶುಕ್ರವಾರ ರಾತ್ರಿ ಅಪ್ಪ ಊಟಕ್ಕೆ ಬಂದಾಗ ಹೇಳಿದ್ರು. ಭಾನುವಾರ ಬೆಳಿಗ್ಗೆ ಮಗೂನ ಕಳಿಸು, ಏನೂ ತಿನ್ನಿಸ್ಬೇಡ ಅಂತ.”

ಬರಾಸಾನ ಪೆನ್ನು ನಿಂತಿತು. ಆಮೇಲೆ ಅವನು ಆ ವಾಕ್ಯವನ್ನು ಅವಳು ಹೇಳಿದಂತೆಯೇ ಬರೆದ.

3 ಗಂಟೆ 40 ನಿಮಿಷಕ್ಕೆ ನ್ಯಾಮ್ವೆಯಾ ಒಬ್ಬನೇ ಠಾಣೆಗೆ ಬಂದ. “ನನ್ನದೂ ಬರ್ಕೊಳ್ಳಿ ಸಾರ್. ಮೊದಲ ತಪ್ಪು ನಂದು,” ಎಂದ.

“ಅದಕ್ಕೆ ಕಾನೂನಿನಲ್ಲಿ ಕಲಮು ಇಲ್ಲ ಯಜಮಾನ್ರೆ.”

“ಒಳ್ಳೇ ಕೆಲಸ ಅಂದ್ಕೊಂಡೇ ಮಾಡ್ದೆ.”

“ನಾವೂ ಹಾಗಂದ್ಕೊಂಡೇ ಚಂದಾ ಕೊಟ್ವಿ.”

ಮುದುಕ ಬೆಂಚಿನ ತುದಿಯಲ್ಲಿ ಕೂತ. ಕೆಮುಂಟೊಳ ಮೇಲಿನ ದೋಷಾರೋಪಣೆ ಆಸ್ತಿ ಹಾನಿಯದು. ಉದ್ದೇಶ ಎಂಬ ಕಡೆ ಬರಾಸಾ ‘ಮಗಳಿಗಾಗಿ’ ಎಂದು ಬರೆದು ರುಜು ಹಾಕಿದ. ಸಂಜೆ ಕೆರುಬೊ ಲಾಕಪ್ಪಿಗೆ ಊಟದ ತಟ್ಟೆ ಒಯ್ದಳು. ಕೆಮುಂಟೊ ತಟ್ಟೆ ತೆಗೆದುಕೊಂಡು ಸರಳಿನಾಚೆ ಬೆಂಚಿನ ಕಡೆ ನೋಡಿದಳು.

“ಅಪ್ಪ ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾರಾ?” ಎಂದು ಕೇಳಿದಳು. “ಇಲ್ಲದಿದ್ರೆ ಇದರಲ್ಲೇ ಅರ್ಧ ಕೊಡಿ.”

ಆ ಮಾತು ನ್ಯಾಮ್ವೆಯಾಗೆ ಕೇಳಿಸಿತು. ಅವನು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಎದ್ದು ಹೊರಗೆ ಹೋದ.