ಶೀಟಿನಲ್ಲಿ ಇಲ್ಲದ ಸಾಲು

"ರೀ, ಒಂದ್ ಮಾತ್ ಕೇಳ್ಲೇನ್ರಿ?"

ಷೋ ಮುಗಿದಿತ್ತು. ನಾನು ಮೈಕಿನ ವೈರ್ ಸುತ್ತುತ್ತಿದ್ದೆ. ಪ್ರೊಜೆಕ್ಟರ್ ಬಿಟ್ಟು ಎದ್ದು ಬಂದವನು ಅಣವೀರ. ವಿಜಾಪುರದ ಕಡೆಯವನು, ಗೋರೆಗಾಂವ್‌ನ ಒಂದು ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್. ಭಾನುವಾರ ಬೆಳಿಗ್ಗೆ ನಮ್ಮ ಕನ್ನಡಿಗರ ಫಿಲ್ಮ್ ಸೊಸೈಟಿಗೆ ಸಿನಿಮಾ ಓಡಿಸಿಕೊಡುತ್ತಿದ್ದ. ಅದುವರೆಗೆ ನಾವಿಬ್ಬರೂ ಮಾತಾಡಿರಲಿಲ್ಲ.

"ಆ ಹುಡಿಗಿ ಮಳ್ಯಾಗ ನಿಂತು, ಹುಡುಗನ ಕಾಲರ್ ಹಿಡ್ಕೊಂಡು, ಅತ್ಕೋತ ಏನೋ ಅಂದ್ಲಲ್ಲ. ಅದಕ್ಕ ನೀವು ಮೈಕಿನ್ಯಾಗ 'ಊಟ ಆಯ್ತಾ?' ಅಂದ್ರಿ."

ನಾನು ವೈರನ್ನೇ ನೋಡಿದೆ.

"ನನಗೇನ್ ಅವರ ಭಾಷಾ ಬರಂಗಿಲ್ಲ. ಆದ್ರೂ ಅದು ಊಟದ ಸುದ್ದಿ ಇರಲಿಕ್ಕಿಲ್ಲ ಅನ್ನಿಸ್ತು."

"ಮೊದಲನೇ ಸಾಲಲ್ಲಿ ನಮ್ಮಪ್ಪ ಕೂತಿದ್ರು," ಅಂದೆ.

ಅವನು ನಗಲಿಲ್ಲ. ನಗು ಕಣ್ಣಿನ ಅಂಚಿನವರೆಗೆ ಬಂದು ಅಲ್ಲೇ ನಿಂತಿತು. "ಹಂಗಾರ ಬರೋಬ್ಬರಿ ಐತಿ ಬಿಡ್ರಿ," ಅಂದ.

ಎಂಬತ್ತಾರರ ಮಳೆಗಾಲ. ಮನೆಮನೆಗೆ ವಿಡಿಯೋ ಬರುತ್ತಿದ್ದ ದಿನಗಳು. ಸೊಸೈಟಿಗೆ ಜನ ಕಡಿಮೆಯಾಗುತ್ತಿದ್ದಾರೆ ಅಂತ ಸೆಕ್ರೆಟರಿ ಸೀತಾರಾಮ್ ಅಂಕಲ್ ಒಂದು ಸರಣಿ ಶುರು ಮಾಡಿದ್ದರು, 'ಹರೆಯದ ಸಿನಿಮಾಗಳು' ಅಂತ. ಹುಡುಗ ಹುಡುಗಿಯರು ಬೆಳೆದು ದೊಡ್ಡವರಾಗುವುದನ್ನು ಸಿನಿಮಾ ದಶಕದಿಂದ ದಶಕಕ್ಕೆ ಹೇಗೆ ತೋರಿಸುತ್ತಾ ಬಂದಿದೆ, ಮೂವತ್ತರ ದಶಕದಿಂದ ಇಲ್ಲಿಯವರೆಗೆ. ಪ್ರಿಂಟುಗಳು ಬೇರೆ ಬೇರೆ ದೇಶದ ಕಾನ್ಸುಲೇಟುಗಳಿಂದ ಬರುತ್ತಿದ್ದವು. ಚಿತ್ರದ ಕೆಳಗೆ ಮಾತಿನ ಅನುವಾದದ ಅಕ್ಷರ ಇರುತ್ತಿರಲಿಲ್ಲ. ಫಿಲ್ಮ್ ಡಬ್ಬಿಯ ಜೊತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಮಾತುಗಳ ಶೀಟ್ ಇರುತ್ತಿತ್ತು, ಅಷ್ಟೇ. ಪರದೆಯ ಪಕ್ಕದಲ್ಲಿ ಪುಟ್ಟ ಲ್ಯಾಂಪ್ ಇಟ್ಟುಕೊಂಡು, ಅದನ್ನು ನೋಡಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಬೆಳಕಿನಲ್ಲಿ ಬಾಯಿ ಬಿಡದವಳಿಗೆ ಕತ್ತಲಲ್ಲಿ ಧೈರ್ಯ ಬರುತ್ತಿತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲವಲ್ಲ. ಜಗಳ, ಸಾವು, ಪರೀಕ್ಷೆಯಲ್ಲಿ ಫೇಲ್, ಎಲ್ಲ ಸಲೀಸಾಗಿ ಹೇಳುತ್ತಿದ್ದೆ. ಪ್ರೀತಿಯ ಮಾತು ಬಂದಾಗ ಮಾತ್ರ ನಾಲಿಗೆ ಬೇರೆ ದಾರಿ ಹಿಡಿಯುತ್ತಿತ್ತು.

ಆಮೇಲೆ ಶನಿವಾರ ಮಧ್ಯಾಹ್ನಗಳು ಶುರುವಾದವು. ಶೀಟಿಗೂ ಚಿತ್ರಕ್ಕೂ ತಾಳ ಕೂಡಲಿ ಅಂತ ಅವನು ಎಡಿಟಿಂಗ್ ರೂಮಿನಲ್ಲಿ ಒಂದು ಸಲ ಮೊದಲೇ ಓಡಿಸಿ ತೋರಿಸುತ್ತಿದ್ದ. ಬಾಗಿಲು ತೆರೆದೇ ಇರುತ್ತಿತ್ತು. ಸೀತಾರಾಮ್ ಅಂಕಲ್ ಮೂಲೆಯ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು.

ನಮ್ಮಿಬ್ಬರಲ್ಲಿ ಒಂದು ಸನ್ನೆ ನಿಗದಿಯಾಗಿತ್ತು. ನಾನು ಸಾಲು ತಪ್ಪಿದರೆ ಅವನು ಲೆನ್ಸಿನ ಮುಂದೆ ಬೆರಳು ಒಡ್ಡುವುದು. ಪರದೆಯ ಮೂಲೆಯಲ್ಲಿ ಸಣ್ಣ ನೆರಳು. ನೋಡುವವರು ನೊಣ ಅಂದುಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಯಾರ ಬೆರಳು ಅಂತ ಗೊತ್ತು. ಗೊತ್ತಿದೆ ಅನ್ನುವುದೇ ಒಂದು ಸುಖ. ಎಷ್ಟೋ ಸಲ ತಪ್ಪದಿದ್ದರೂ ತಡವರಿಸಿದ್ದುಂಟು.

"ಹೆಂಗ್ ಐತಿ ನೋಡ್ರಿ," ಒಂದು ಶನಿವಾರ ರೀಲ್ ಸುತ್ತುತ್ತಾ ಅವನು ಅಂದ. "ಮೂವತ್ತರ ಪಿಚ್ಚರ್‌ನಾಗ ಹುಡುಗ ದೊಡ್ಡಾಂವ ಆಗೂದಂದ್ರ ತನ್ನ ತಪ್ಪು ತಿಳಕೊಂಡು ಮನಿಗೆ ವಾಪಸ್ ಬರೂದು. ಐವತ್ತರಾಗ ಮನಿ ಬಿಟ್ಟು ಓಡೂದು. ಅರವತ್ತರಾಗ ಓಡೋದಾಂವಗ ಎಲ್ಲಿಗೆ ಹೋಗಬೇಕಂತ ತಿಳೀವಲ್ದು."

"ಹುಡುಗಿ?"

ಅವನ ಕೈ ನಿಂತಿತು. "ಹುಡಿಗಿ... ಆಕಿ ಎಲ್ಲಾದ್ರಾಗೂ ಕಿಟಕ್ಯಾಗ ಅದಾಳಲ್ರಿ."

ನಾನು ಹಳೆಯ ಶೀಟುಗಳನ್ನು ತಿರುವಿದೆ. 'ಬರ್ತೀಯಾ?' 'ಹೋಗ್ತೀಯಾ?' 'ಹುಷಾರು.' ದಶಕ ದಶಕಕ್ಕೆ ಅವಳ ಲಂಗ ಗಿಡ್ಡವಾಗಿತ್ತು, ಕೂದಲು ಗಿಡ್ಡವಾಗಿತ್ತು. ಮಾತು ಮಾತ್ರ ಉದ್ದವಾಗಿರಲಿಲ್ಲ. ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಕಿಟಕಿ ನೆನಪಾಗಿ ಶೀಟುಗಳನ್ನು ಮಡಚಿಟ್ಟೆ.

ಆ ವಾರವೇ ಬಾಂದ್ರಾ ಸ್ಟೇಷನ್ನಿನಲ್ಲಿ ಅಕಸ್ಮಾತ್ತಾಗಿ ಸಿಕ್ಕ. ನಾನು ಟೈಪಿಂಗ್ ಕ್ಲಾಸ್ ಮುಗಿಸಿ ಬರುತ್ತಿದ್ದೆ, ಅವನು ಕಾನ್ಸುಲೇಟಿನಿಂದ ಡಬ್ಬಿ ಹೊತ್ತು ಬಂದು ಲೋಕಲ್ ಬದಲಾಯಿಸುತ್ತಿದ್ದ. ಫಿಲ್ಮ್ ಡಬ್ಬಿಯ ಮೇಲೆ ಪೇಪರ್ ಹಾಸಿ ವಡಾಪಾವ್ ಇಟ್ಟು, ಒಂದನ್ನು ನನ್ನ ಕಡೆ ಸರಿಸಿದ. ಆಮೇಲೆ ಹಳಿಗಳನ್ನು ನೋಡುತ್ತಾ, ತುಂಬ ಸಾಧಾರಣ ದನಿಯಲ್ಲಿ, "ಊಟ ಆಯ್ತಾ?" ಅಂದ. ಥೇಟ್ ನನ್ನ ಮೈಸೂರು ಉಚ್ಚಾರಣೆಯಲ್ಲಿ.

ಕಿವಿ ಬಿಸಿಯಾಯಿತು. ಉತ್ತರ ಹೇಳಬೇಕಿತ್ತು. ಲೇಡೀಸ್ ಡಬ್ಬ ಎದುರಿಗೆ ಬಂದು ನಿಂತಿತು, ಹತ್ತಿಬಿಟ್ಟೆ. ಲೋಕಲ್ ಹೊರಟಾಗ ನೋಡಿದರೆ ಅವನು ಎರಡೂ ವಡಾಪಾವ್ ಮುಂದಿಟ್ಟುಕೊಂಡು ಹಾಗೇ ನಿಂತಿದ್ದ.

ಅಷ್ಟರಲ್ಲಿ ಮೈಸೂರಿನಿಂದ ನನ್ನನ್ನು ನೋಡಲು ಬಂದರು. ಹುಡುಗ ಬ್ಯಾಂಕ್ ಆಫೀಸರ್, ಮರ್ಯಾದಸ್ಥ, ಅವನಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಅವರು ಹೋದ ಮೇಲೆ ಅಮ್ಮ ಲೋಟಗಳನ್ನು ಜೋಡಿಸುತ್ತಾ, "ಸುಮ್ಮನಿದ್ದಾಳೆ ಅಂದ್ರೆ ಒಪ್ಪಿಗೆ ಅಂತ ತಾನೇ," ಅಂದಳು. ನಮ್ಮ ಮನೆಯಲ್ಲಿ ಅದೇ ರೂಢಿ. ಅತ್ತೆಯರ ಮದುವೆ ನಿಶ್ಚಯವಾಗಿದ್ದೂ ಹಾಗೆ, ಅಮ್ಮನದೂ ಹಾಗೆ. ಹೂಂ ಅನ್ನುವ ಹೆಣ್ಣಿಗೆ ನಾಚಿಕೆ ಇಲ್ಲ, ಊಹೂಂ ಅನ್ನುವ ಹೆಣ್ಣನ್ನು ಯಾರೂ ಕಂಡಿರಲಿಲ್ಲ.

ಅಪ್ಪ ಮಾತ್ರ, "ಭಾನುವಾರ ಸಾಯಂಕಾಲ ಕೆಳಗಿನ ಮನೆಗೆ ಅವರ ಫೋನ್ ಬರುತ್ತೆ. ಅಷ್ಟರೊಳಗೆ ಏನಾದ್ರೂ ಇದ್ರೆ ಹೇಳು ಪಂಕಜ," ಅಂದರು. ಅಪ್ಪ ಸತ್ಯಮೂರ್ತಿ ವಿಮೆ ಕಂಪನಿಯಲ್ಲಿ ಗುಮಾಸ್ತರು, ಯಾರಿಗೂ ಜೋರು ಮಾಡಿದವರಲ್ಲ. ಮಾರನೇ ದಿನ ಬೆಳಿಗ್ಗೆ ಅವರು ಪೇಪರ್ ಓದುತ್ತಿದ್ದಾಗ ಎದುರು ಹೋಗಿ ನಿಂತೆ. ಅವರು ಪೇಪರ್ ಇಳಿಸಿ ಕಾದರು.

"ಇನ್ನೊಂದು ಲೋಟ ಕಾಫಿ ಬೇಕಾ ಅಪ್ಪ?" ಅಂದೆ.

ಕೊನೆಯ ಶನಿವಾರ. ಸರಣಿಯ ಕೊನೆಯ ಸಿನಿಮಾ ಯಾವುದೋ ಚಳಿ ದೇಶದ್ದು. ಊಟದ ಮೇಜಿನ ಸುತ್ತ ಹಿರಿಯರೆಲ್ಲ ಕೂತು ಹುಡುಗಿಯ ಮದುವೆ ಗೊತ್ತು ಮಾಡುತ್ತಾರೆ. ಅಜ್ಜಿ ಕೇಳುತ್ತಾಳೆ: 'ನಿನಗೆ ಒಪ್ಪಿಗೆಯೇ ಮಗು?' ಕ್ಯಾಮೆರಾ ಹುಡುಗಿಯ ಮುಖದ ಮೇಲೆ ನಿಲ್ಲುತ್ತದೆ. ತುಂಬ ಹೊತ್ತು ನಿಲ್ಲುತ್ತದೆ. ಅವಳು ತುಟಿ ಬಿಚ್ಚುವುದಿಲ್ಲ. ಶೀಟಿನಲ್ಲಿ ಆ ಜಾಗದಲ್ಲಿ 'ಮೌನ' ಅಂತ ಟೈಪ್ ಆಗಿತ್ತು. ಮುಂದಿನ ದೃಶ್ಯದಲ್ಲಿ ಚರ್ಚಿನ ಗಂಟೆ.

ಅಣವೀರ ಮಿಷನ್ ಆಫ್ ಮಾಡಿದ. ಬೆಳಕು ಹಾಕಲಿಲ್ಲ.

"ಅಂಕಲ್ ಹೇಳಿದ್ರು. ಮೈಸೂರಾಗ ಗೊತ್ತಾತಂತಲ್ಲ."

ಅಂಕಲ್‌ರ ಗೊರಕೆ ಕೇಳುತ್ತಿತ್ತು. ನಾನು ಶೀಟಿನ ಅಂಚನ್ನು ಮಡಚಿದೆ, ಬಿಡಿಸಿದೆ.

"ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ನಾ ಏನರ ಅಂದ್ರ ನಿಮಗ ತ್ರಾಸ ಆಗತೈತಿ. ಅದಕ್ಕ ಅನ್ನಂಗಿಲ್ಲ." ಸ್ವಲ್ಪ ಹೊತ್ತು ಕಾದ. ನನ್ನಿಂದ ಏನೂ ಬರಲಿಲ್ಲ. "ಆತು. ಚೊಲೋ ಆತು ಬಿಡ್ರಿ," ಅಂದು ಲೈಟ್ ಹಾಕಿದ. ಅವನೂ ನನ್ನ ಮೌನವನ್ನು ಎಲ್ಲರ ಹಾಗೇ ಓದಿಕೊಂಡ. ಸಿಟ್ಟು ಬಂತು, ಅವನ ಮೇಲೆ ಅಲ್ಲ.

ಭಾನುವಾರ ಹಾಲ್ ತುಂಬಿತ್ತು. ಮೊದಲನೇ ಸಾಲಿನಲ್ಲಿ ಅಪ್ಪ, ಮಂಡಿಯ ಮೇಲೆ ಒದ್ದೆ ಕೊಡೆ. ನಾನು ಓದುತ್ತಾ ಹೋದೆ. ಒಂದು ಸಲವೂ ತಪ್ಪಲಿಲ್ಲ. ಪರದೆಯ ಮೂಲೆಯಲ್ಲಿ ಬೆರಳೂ ಕಾಣಲಿಲ್ಲ.

ಮೇಜು ಬಂತು. ಅಜ್ಜಿ ಬಂದಳು. "ನಿನಗೆ ಒಪ್ಪಿಗೆಯೇ ಮಗು?" ಅಂದೆ.

ಹುಡುಗಿಯ ಮುಖ ಪರದೆ ತುಂಬ ನಿಂತಿತು. ಮುಚ್ಚಿದ ತುಟಿ, ಕೆನ್ನೆಯ ಮೇಲೆ ದೀಪದ ಬೆಳಕು. ಶೀಟಿನಲ್ಲಿ 'ಮೌನ'. ಇನ್ನೇನು ಗಂಟೆ ಹೊಡೆಯುತ್ತದೆ. ಆಮೇಲೆ ಯಾರೂ ಇವಳನ್ನು ಏನೂ ಕೇಳುವುದಿಲ್ಲ.

"ಇಲ್ಲ," ಅಂದೆ.

ಸ್ಪೀಕರಿನಲ್ಲಿ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಮುಂದಿನ ಸಾಲುಗಳಲ್ಲಿ ಯಾರೋ ಕೆಮ್ಮು ನಿಲ್ಲಿಸಿದರು.

"ನನಗೆ ಒಪ್ಪಿಗೆ ಇಲ್ಲ. ನಾನು ಇನ್ನೊಬ್ಬರನ್ನ ಪ್ರೀತಿಸ್ತೀನಿ. ಅವರು ಕೇಳಿದಾಗ ಹೇಳೋದಕ್ಕೆ ಆಗಲಿಲ್ಲ."

ಆ ಹುಡುಗಿಯ ಮುಖದ ಮೇಲೆ ನೆರಳು ಬಿತ್ತು. ಬೆರಳಲ್ಲ, ಇಡೀ ಕೈ. ಲೆನ್ಸಿನ ಮುಂದೆ ಚಾಚಿದ್ದು ಹಿಂದೆ ತೆಗೆಯಲು ಮರೆತೇ ಹೋದಂತೆ ನಿಂತಿತ್ತು. "ಏ ಬಾಜೂಲಾ ಹೋ!" ಪಕ್ಕಕ್ಕೆ ಸರಿ ಅಂತ ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದ ಮೇಲೆಯೇ ಅದು ಸರಿದಿದ್ದು.

ದೀಪ ಹತ್ತಿದಾಗ ಅವನು ಖಾಲಿ ಡಬ್ಬಿ ಎದೆಗೆ ಒತ್ತಿಕೊಂಡು ಬಂದ.

"ಅದು ಶೀಟಿನ್ಯಾಗ ಇದ್ದಿಲ್ರಿ."

"ಗೊತ್ತು."

"ನಿನ್ನಿ ನೋಡೀನಿ ನಾ. ಆಕಿ ಸುಮ್ಮ ಕುಂತಿರ್ತಾಳ."

"ಗೊತ್ತು," ಅಂದೆ. ಆಮೇಲೆ ಮೊದಲ ಸಲ ಬೆಳಕಿನಲ್ಲಿ ಅವನ ಮುಖವನ್ನು ಪೂರ್ತಿ ನೋಡಿದೆ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇತ್ತು. ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. "ನಾನು ಸುಮ್ಮನೆ ಕೂರಲ್ಲ."

ಅವನು ಏನೋ ಹೇಳಲು ಹೋದ. ಬಾಗಿಲ ಹತ್ತಿರ ಅಪ್ಪ ಕೊಡೆ ಬಿಚ್ಚದೆ ನಿಂತಿದ್ದರು.

ಲೋಕಲ್‌ನಲ್ಲಿ ಜನ ಕಡಿಮೆ. ಅಪ್ಪ ಎದುರು ಕೂತು ಹೊರಗೆ ನೋಡುತ್ತಿದ್ದರು. ಮಲಾಡ್ ಹೋಯಿತು.

"ಆ ಹುಡುಗಿ ಬಾಯಿ ತೆಗೀಲೇ ಇಲ್ಲವಲ್ಲಮ್ಮ."

"ಇಲ್ಲಪ್ಪ."

"ಮೊದಲನೇ ಸಾಲಲ್ಲಿ ಕೂತೋನಿಗೆ ಅಷ್ಟು ಕಾಣುತ್ತೆ. ಅವತ್ತು ಮಳೇಲಿ ನಿಂತೋಳು ಊಟದ ವಿಷಯ ಕೇಳಲಿಲ್ಲ ಅಂತಲೂ ಕಾಣಿಸಿತ್ತು."

ನಾನು ತಲೆ ಬಗ್ಗಿಸಿದೆ. ಅವರು ಕೊಡೆಯ ನೀರನ್ನು ಕಾಲಿನ ಪಕ್ಕ ಜಾಡಿಸಿದರು.

"ನಿಮ್ಮಮ್ಮನಿಗೆ ಏನು ಹೇಳೋದು, ಗೊತ್ತಿಲ್ಲ. ಆ ಪ್ರೊಜೆಕ್ಟರ್ ಹುಡುಗನ ಮನೇಲಿ ಏನಂತಾರೋ, ಅದೂ ಗೊತ್ತಿಲ್ಲ. ನನಗೇ ಇದು ಸರಿಯಾಗಿ ಹಿಡಿಸಿದೆಯೋ ಇಲ್ಲವೋ." ಕೊಡೆಯ ಪಟ್ಟಿ ಬಿಗಿದರು. "ಸಾಯಂಕಾಲ ಮೈಸೂರಿನಿಂದ ಫೋನ್ ಬಂದಾಗ ನನ್ನ ಪಕ್ಕ ಬಂದು ನಿಂತ್ಕೋ. ನಾನು ಎಲ್ಲಾದ್ರೂ ತಡವರಿಸಿದ್ರೆ ನೀನೇ ಹೇಳು."

ಕಾಂದಿವಲಿ ಬಂತು. ಅಪ್ಪನ ಕೈಯಿಂದ ಕೊಡೆ ತೆಗೆದುಕೊಂಡು ಎದ್ದೆ.

"ಹೇಳ್ತೀನಿ ಅಪ್ಪ," ಅಂದೆ.