ಮುಂದಿನ ಸೀಟಿನ ಸುಳ್ಳು

"ನೀವು ದಪ್ಪನಾ?"

ಗೇಟು ತೆಗೆದ ಮನುಷ್ಯನ ಮೊದಲ ಮಾತೇ ಇದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ!

ಸಿಸ್ಟರ್‌ಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಅವಳು ಸುಮ್ಮನೆ ಕೆಮ್ಮಿದರೂ ಸಾಕು, ದೊಡ್ಡ ದೊಡ್ಡ ಸರ್ಜನ್‌ಗಳು ತಮ್ಮ ಕೈಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದರು. ಅಂಥವಳಿಗೆ, ಇನ್ನೇನು ನಿವೃತ್ತಿಯಾಗುವ ವಯಸ್ಸಿನಲ್ಲಿ, ಇಂಥ ಪ್ರಶ್ನೆಯೇ?

"ನೀವು ಕುರುಡರಾ?" ಅಂದಳು.

ಗೊತ್ತಿದ್ದೇ ಕೇಳಿದ್ದಳು. ಕಣ್ಣಿನ ಡಾಕ್ಟರ್ ಎಲ್ಲ ಹೇಳಿಯೇ ಕಳಿಸಿದ್ದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಒಂದು ಕಾಲಕ್ಕೆ ಸೈಕಲ್ ರೇಸಿನಲ್ಲಿ ಹೆಸರು ಮಾಡಿದವರು. ಕಣ್ಣಿನ ನರ ಸತ್ತು ಈಗ ಬೆಳಕೂ ಒಂದೇ, ಕತ್ತಲೂ ಒಂದೇ. ಇಬ್ಬರು ಒಟ್ಟಿಗೆ ತುಳಿಯುವ ಜೋಡಿ ಸೈಕಲ್ ತರಿಸಿಕೊಂಡು ಕೂತಿದ್ದಾರೆ, ಮುಂದಿನ ಸೀಟಿಗೆ ಜನ ಇಲ್ಲ. "ನಿಮಗೂ ಸೈಕಲ್ ಹುಚ್ಚು ಅಲ್ವಾ ಸಿಸ್ಟರ್, ಒಂದ್ಸಲ ಹೋಗಿ ಬನ್ನಿ" ಅಂದಿದ್ದರು ಡಾಕ್ಟರ್.

ಮೇಷ್ಟ್ರ ಮುಖ ಒಂದು ಕ್ಷಣ ಕಲ್ಲಾಯಿತು. ಆಮೇಲೆ ಬಿದ್ದು ಬಿದ್ದು ನಕ್ಕರು.

"ಹೌದು, ಕುರುಡ. ಮುಂದೆ ಕೂರೋರ ತೂಕ ಗೊತ್ತಿರ್ಬೇಕು, ಅದಕ್ಕೆ ಕೇಳ್ದೆ. ನಾಲಿಗೆ ತೂಕ ಗೊತ್ತಾಯ್ತು, ಇನ್ನು ಮೈದು ಹೇಳಿ."

ಒಳಗಿನಿಂದ ಅವರ ತಂಗಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಅಣ್ಣನ ಊಟ-ತಿಂಡಿ, ಔಷಧಿ, ಬೈಗುಳ ಎಲ್ಲವನ್ನೂ ಹೊತ್ತುಕೊಂಡವಳು ಅವಳೇ.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಇವನ ಬಾಯಿಗೆ ಹೆದರಿ ಬಂದೋರೆಲ್ಲ ಓಡ್ಹೋದ್ರು."

"ನಾನು ಓಡಲ್ಲಮ್ಮ" ಅಂದಳು ಸಿಸ್ಟರ್, ದುಪ್ಪಟ್ಟಾ ಸೊಂಟಕ್ಕೆ ಬಿಗಿಯುತ್ತಾ. "ತುಳೀತೀನಿ."

ಹಾಗೆ ಶುರುವಾಯಿತು.

ಜೋಡಿ ಸೈಕಲ್‌ನಲ್ಲಿ ಹ್ಯಾಂಡಲ್, ಬ್ರೇಕ್, ದಾರಿ ಎಲ್ಲವೂ ಮುಂದಿನವರದ್ದು. ಹಿಂದಿನವರಿಗೆ ಪೆಡಲ್ ಬಿಟ್ಟರೆ ಉಳಿಯುವುದು ನಂಬಿಕೆ ಮಾತ್ರ. "ಎಡಕ್ಕೆ" ಅಂದರೆ ಮೇಷ್ಟ್ರು ಎಡಕ್ಕೆ ವಾಲುತ್ತಿದ್ದರು. "ಗುಂಡಿ" ಅಂದರೆ ಕಾಲು ಬಿಗಿ ಹಿಡಿಯುತ್ತಿದ್ದರು. "ಹಂಪ್!" ಅಂತ ಕೂಗಿದರೆ ಇಬ್ಬರೂ ಒಟ್ಟಿಗೆ ಸೀಟಿನಿಂದ ಮೇಲೇಳಬೇಕು. ಏಳದಿದ್ದರೆ ಪೆಟ್ಟು ನೇರ ಬೆನ್ನುಮೂಳೆಗೆ.

ಬೆಳಗಿನ ಖಾಲಿ ರಸ್ತೆಯಲ್ಲಿ ಇಬ್ಬರೂ ಜಗಳವಾಡುತ್ತಲೇ ತುಳಿದರು. ಅವಳು ನಿಧಾನ ಅಂತ ಅವರು, ಅವರು ತುಳಿಯದ ಕಾಲುಗಳ್ಳ ಅಂತ ಇವಳು. ಆದರೂ ದಿನಾ ಹೊರಡುವ ಮುಂಚೆ ಸಿಸ್ಟರ್ ಕನ್ನಡಿ ಮುಂದೆ ನಿಲ್ಲತೊಡಗಿದಳು. *ಕಣ್ಣಿಲ್ಲದೋರನ್ನ ನೋಡೋಕೆ ಹೋಗೋಳಿಗೆ ಇಷ್ಟೊಂದು ಅಲಂಕಾರ ಯಾಕೆ?* ತನಗೇ ನಗು ಬರುತ್ತಿತ್ತು. ಮದುವೆ, ಮನೆ ಎಲ್ಲ ತಮ್ಮಂದಿರ ಓದಿನಲ್ಲಿ ಕರಗಿಹೋದ ಹೆಂಗಸು. ಈ ವಯಸ್ಸಿನಲ್ಲಿ ಎದೆ ಹೀಗೆ ಡವಡವ ಅನ್ನುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ದಿನ ಮೇಟ್ರನ್ ಕರೆದು, ನಿವೃತ್ತಿಯ ನಂತರವೂ ಎರಡು ವರ್ಷ ಕೆಲಸ ಮುಂದುವರಿಸಬಹುದು ಅಂದರು. ಷರತ್ತು ಒಂದೇ, ಬೆಳಗಿನ ಡ್ಯೂಟಿ.

ಮರುದಿನ ಇಳಿಜಾರಿನಲ್ಲಿ ಹೋಗುವಾಗ ಸಿಸ್ಟರ್ ವಿಷಯ ತೆಗೆದಳು.

"ಬೆಳಗಿನ ಡ್ಯೂಟಿ ಅಂದ್ರೆ ನಮ್ಮ ಈ ಸವಾರಿ ನಿಲ್ಲುತ್ತೆ, ಮೇಷ್ಟ್ರೇ."

"ನಿಲ್ಲಲಿ."

"ಕೆಲಸ ಬೇಡ ಅಂದ್ರೆ ಕ್ವಾರ್ಟರ್ಸ್ ಬಿಡ್ಬೇಕು. ತಮ್ಮನ ಮನೆ ಹಿಂದಿನ ರೂಮೇ ಗತಿ. ಬಟ್ಟೆ ಒಣಗಿಸೋ ಹಗ್ಗದ ಕೆಳಗೆ ನನಗೊಂದು ಮಂಚ ಹಾಕ್ಸಿದಾರೆ. ಏನ್ಮಾಡ್ಲಿ, ಹೇಳಿ?"

*ಹೇಳಿ... ಒಂದೇ ಒಂದು ಮಾತು ಹೇಳಿ. ಇಲ್ಲೇ ಇದ್ದುಬಿಡಿ ಅನ್ನಿ. ಕೆಲಸಾನೂ ಬೇಡ, ತಮ್ಮನ ಮನೇನೂ ಬೇಡ...*

ಹಿಂದಿನಿಂದ ಬಂದ ದನಿ ಚಾಕುವಿನಂತಿತ್ತು.

"ನನ್ನನ್ನ ಕೇಳ್ತೀರಾ? ನನ್ನನ್ನ ಯಾರು ಕೇಳಿದ್ರು? ಭಾಷಣ ಮಾಡಿ, ಕೈಗೊಂದು ಗಡಿಯಾರ ಕೊಟ್ಟು ಮನೆಗೆ ಅಟ್ಟಿದ್ರು. ಕುರುಡನಿಗೆ ಗಡಿಯಾರ! ಇರ್ಲಾ, ಬಿಡ್ಲಾ ಅಂತ ರಾಗ ಎಳೆಯೋ ಭಾಗ್ಯ ನಿಮ್ಮದು. ನನ್ನ ಮುಂದೆ ಅದನ್ನ ಮೆರೆಸ್ಬೇಡಿ. ಹೋಗೋದಿದ್ರೆ ಹೋಗಿ. ಮುಂದಿನ ಸೀಟಿಗೆ ಬೇಕಾಗಿರೋದು ಎರಡು ಕಣ್ಣು, ಎರಡು ಕಾಲು. ಯಾರದ್ದಾದ್ರೂ ನಡೆಯುತ್ತೆ."

ಯಾರದ್ದಾದ್ರೂ!

ಆಗಲೇ ಕಂಡಿತು. ಹೊಸದಾಗಿ ಬಿಳಿ ಬಣ್ಣ ಬಳಿದ ಹಂಪ್, ಒಳ್ಳೆ ಬಿಸಿಲಿನಲ್ಲಿ, ದೂರದಿಂದಲೇ ಎದ್ದು ಕಾಣುತ್ತಿತ್ತು. ಕೂಗಲು ಬೇಕಾದಷ್ಟು ಸಮಯವಿತ್ತು. ಬ್ರೇಕ್ ಹಾಕಲೂ ಸಮಯವಿತ್ತು.

ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಬ್ರೇಕ್ ಮೇಲಿನ ಬೆರಳೂ ಅಲುಗಲಿಲ್ಲ. ತಾನು ಮಾತ್ರ ಸೀಟಿನಿಂದ ಮೇಲೆದ್ದಳು.

ಮೇಷ್ಟ್ರು ಮೂಟೆಯಂತೆ ಹಾರಿ ರಸ್ತೆಗೆ ಬಿದ್ದರು. ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಸದ್ದಿನ ಪರಿಚಯ ಅವಳಿಗೆ ಇಲ್ಲದೆ ಇರುತ್ತದೆಯೇ?

ಜನ ಸೇರಿದರು. "ಇಷ್ಟು ದೊಡ್ಡ ಹಂಪ್ ಇದೆ, ಬಿಳಿ ಬಣ್ಣ ಬೇರೆ ಬಳಿದಿದ್ದಾರೆ, ಕಾಣ್ಲಿಲ್ವೇನಮ್ಮ?" ಅಂತ ಯಾರೋ ಗದರಿದರು.

ಮೇಷ್ಟ್ರು ನೋವಿನಲ್ಲೂ ಅವಳ ದನಿ ಹುಡುಕಿ ಮುಖ ತಿರುಗಿಸಿದರು. "ಸಿಸ್ಟರ್... ನಿಮಗೆ ಕಾಣ್ಲಿಲ್ವಾ?"

"ಇಲ್ಲ" ಅಂದಳು. "ಕಾಣ್ಲಿಲ್ಲ."

ಅವರ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಅದು ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಮೇಟ್ರನ್ ಮತ್ತೆ ಕರೆದಾಗ.

"ಸಿಸ್ಟರ್, ನಿಮ್ಮ ಕಣ್ಣಿನ ಬಗ್ಗೆ ಮಾತು ಬಂದಿದೆ. ಥಿಯೇಟರ್‌ನಲ್ಲಿ ಸೂಜಿ ಲೆಕ್ಕ ಇಡೋರು ನೀವು. ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಸರಿ ಇದ್ರೆ ಕೆಲಸ ನಿಮ್ಮದೇ."

ಮಾತು ಯಾರಿಂದ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳು ಧುಮುಗುಡುತ್ತಾ ಮೇಷ್ಟ್ರ ಮನೆಗೆ ನುಗ್ಗಿದಳು.

"ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಏನ್ರೀ ಅಧಿಕಾರ ನಿಮಗೆ?"

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದರು.

"ನನಗೂ ಮೊದಲು ತಪ್ಪಿದ್ದು ಒಂದು ಹಂಪೇ ಸಿಸ್ಟರ್. ಒಳ್ಳೆ ಬಿಸಿಲು, ಒಳ್ಳೆ ರಸ್ತೆ. ಬೆವರು ಕಣ್ಣಿಗೆ ಇಳೀತೇನೋ ಅಂದ್ಕೊಂಡೆ. ಮೈಮರೆವು ಅಂದ್ಕೊಂಡೆ. ಅವತ್ತೇ ಯಾರಾದ್ರೂ ಡಾಕ್ಟರ್ ಹತ್ರ ಎಳ್ಕೊಂಡು ಹೋಗಿದ್ರೆ ಒಂದು ಚೂರಾದ್ರೂ ಉಳೀತಿತ್ತು. ಅದಕ್ಕೇ ಡಾಕ್ಟರಿಗೆ ನಾನೇ ಹೇಳ್ದೆ. ಬೈಯಿರಿ. ಆದ್ರೆ ದಯವಿಟ್ಟು ತೋರಿಸ್ಕೊಳ್ಳಿ."

ಕುಣಿಕೆ ಈಗ ಸಿಸ್ಟರ್ ಕೊರಳಿಗೇ ಬಿದ್ದಿತ್ತು. ಪರೀಕ್ಷೆ ಮಾಡಿಸಿದರೆ ಕಣ್ಣು ಚೆನ್ನಾಗಿದೆ ಅನ್ನುತ್ತಾರೆ. ಅದು ಅವಳಿಗೆ ಗೊತ್ತು. ಕಣ್ಣು ಚೆನ್ನಾಗಿದ್ದರೆ ಹಂಪ್ ಕಾಣದೆ ಇರಲು ಹೇಗೆ ಸಾಧ್ಯ? ಕೆಲಸ ಉಳಿಯಬೇಕಾದರೆ ಸುಳ್ಳು ಬಯಲಾಗಬೇಕು. ಸುಳ್ಳು ಉಳಿಯಬೇಕಾದರೆ ಕೆಲಸ ಹೋಗಬೇಕು.

ಅವಳು ಇವತ್ತು ನಾಳೆ ಅಂತ ದಿನ ತಳ್ಳಿದಳು. ಮೇಟ್ರನ್ ಕಾದರು, ಎರಡು ಸಲ ಹೇಳಿ ಕಳಿಸಿದರು, ಕೊನೆಗೆ ಅವಳ ಜಾಗವನ್ನು ಬೇರೊಬ್ಬಳಿಗೆ ಕೊಟ್ಟರು. ಹತ್ತಿರ ಹತ್ತಿರ ನಲವತ್ತು ವರ್ಷ ಬಾಳಿದ ಥಿಯೇಟರ್‌ನ ಬಾಗಿಲು ಅವಳ ಬೆನ್ನ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಅಂದು ಕ್ವಾರ್ಟರ್ಸ್‌ಗೆ ಬಂದು ಅತ್ತಳು.

ಮೇಷ್ಟ್ರಿಗೆ ಮಾತ್ರ ಅರ್ಥವಾದದ್ದೇ ಬೇರೆ. ಪಾಪ, ಹೆದರಿದ್ದಾಳೆ. ನಿಜ ಕೇಳಲು ಧೈರ್ಯ ಸಾಲುತ್ತಿಲ್ಲ!

"ಬನ್ನಿ ಇಲ್ಲಿ" ಅಂತ ಒಂದು ಮಧ್ಯಾಹ್ನ ಅವಳನ್ನು ಅಡುಗೆಮನೆಗೆ ಕರೆದರು. ತಂಗಿ ಅಂಗಡಿಗೆ ಹೋಗಿದ್ದಳು. "ಪೂರ್ತಿ ಹೋದ್ಮೇಲೆ ಕಲಿಯೋದು ಕಷ್ಟ. ಈಗಿಂದಲೇ ಅಭ್ಯಾಸ ಮಾಡ್ಕೊಳ್ಳಿ. ಒಂದು ಟವೆಲ್ ಕಟ್ಕೊಳ್ಳಿ ಕಣ್ಣಿಗೆ."

ಸಿಸ್ಟರ್ ಕಟ್ಟಿಕೊಂಡಳು. ಮೇಷ್ಟ್ರು ಸರಿಯಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದರು. ಇಷ್ಟು ದಿನದ ಸವಾರಿಯಲ್ಲಿ ಅವರು ಅವಳನ್ನು ಮುಟ್ಟಿದ್ದು ಇದೇ ಮೊದಲು.

"ಇದು ಚಹಾ ಪಾತ್ರೆ. ಇದು ಲೋಟ. ಸುರಿಯುವಾಗ ಸದ್ದು ಕೇಳಿ. ತುಂಬ್ತಾ ತುಂಬ್ತಾ ಸದ್ದು ಕೀರಲಾಗುತ್ತೆ. ಆಗ ನಿಲ್ಲಿಸ್ಬೇಕು. ಹೆದರ್ಬೇಡಿ, ನಾನಿದ್ದೀನಿ."

ಅವಳು ಸುರಿದಳು. ಕಿವಿಯಲ್ಲಿ ತನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಸ್ವಲ್ಪ ಹೆಚ್ಚಾಯ್ತು. ಪರವಾಗಿಲ್ಲ" ಅಂದರು ಮೇಷ್ಟ್ರು.

ದನಿ ಒಂದಿಷ್ಟು ನಡುಗಿತ್ತು. ಸಿಸ್ಟರ್ ಟವೆಲ್ ಸರಿಸಿ ನೋಡಿದಳು. ಅವಳ ಮಣಿಕಟ್ಟು ಬಿಟ್ಟು, ಲೋಟದ ಅಂಚಿನ ಮೇಲೆ ಅವರು ತಮ್ಮ ಬೆರಳು ಇಟ್ಟಿದ್ದರು. ಕುದಿಯುವ ಚಹಾ ಉಕ್ಕಿ ಅವರ ಬೆರಳ ಮೇಲೆ ಹರಿದಿತ್ತು. ಚರ್ಮ ಕೆಂಪಾಗಿತ್ತು.

"ಕೈ ತೆಗೀರಿ! ಕೈ ಯಾಕಿಟ್ರಿ ಅಲ್ಲಿ?"

"ನಾನು ಸುಟ್ಕೊಂಡೇ ಕಲ್ತೆ. ನೀವು ಸುಟ್ಕೋಬಾರ್ದು ಅಂತ..."

ಅಷ್ಟೇ. ಅವಳೊಳಗೆ ಇಷ್ಟು ದಿನ ಹಿಡಿದಿಟ್ಟದ್ದು ಒಡೆದುಹೋಯಿತು.

"ನನ್ನ ಕಣ್ಣಿಗೆ ಏನೂ ಆಗಿಲ್ಲ ರೀ! ನಾನು ನೋಡಿದ್ದೆ! ಆ ಹಂಪ್ ನೋಡಿದ್ದೆ. ದೂರದಿಂದಲೇ ನೋಡಿದ್ದೆ. ಬೇಕು ಅಂತಲೇ ಕೂಗ್ಲಿಲ್ಲ. ನೀವು ಬೀಳ್ಬೇಕು ಅಂತ... ನೋವಾಗ್ಲಿ ಅಂತ... ಯಾರದ್ದಾದ್ರೂ ನಡೆಯುತ್ತೆ ಅಂದ್ರಲ್ಲ, ಅದಕ್ಕೆ!"

ಅವಳು ತಣ್ಣೀರಿನ ನಲ್ಲಿ ತಿರುಗಿಸಿ ಅವರ ಬೆರಳನ್ನು ಹಿಡಿಯಲು ಹೋದಳು. ಮೇಷ್ಟ್ರು ಕೈ ಕಿತ್ತುಕೊಂಡರು.

"ಬೆನ್ನು ಕೊಟ್ಟು ಕೂತೋಳನ್ನ ನಂಬಿ ಕೂತಿದ್ದೆ ನಾನು" ಅಂದರು. "ನಾಯೀನ ಕೂಡ ಯಾರೂ ಹಾಗೆ ಬೀಳ್ಸಲ್ಲ."

"ಹೌದು."

"ಇನ್ನೊಂದು ಚೂರು ಪಕ್ಕಕ್ಕೆ ಬಿದ್ದಿದ್ರೆ ಕತ್ತು ಮುರೀತಿತ್ತು."

"ಹೌದು. ನಾನು ನರ್ಸು, ಗೊತ್ತಿತ್ತು ನನಗೆ."

ಬೈಯಲಿ, ಹೊಡೆಯಲಿ, ಆಚೆ ನಡಿ ಅನ್ನಲಿ. ಎಲ್ಲಕ್ಕೂ ಸಿದ್ಧಳಾಗಿ ಬಾಗಿಲ ಹತ್ತಿರ ನಿಂತಳು. ಆದರೆ ಮೇಷ್ಟ್ರು ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಸಿದರು.

"ಹಂಪಿಗೆ ಮುಂಚೆ ನೀವು ಸೀಟಿಂದ ಎದ್ರಿ. ಸೈಕಲ್ ಅಲುಗಾಡಿದ್ದು ನನಗೆ ಗೊತ್ತಾಯ್ತು. ಕಾಣದೇ ಇದ್ದೋಳು ಯಾಕೆ ಎದ್ಲು ಅಂತ ಆಸ್ಪತ್ರೇಲಿ ಮಲಗಿ ಯೋಚನೆ ಮಾಡ್ದೆ. ಆಮೇಲೆ ಆ ಯೋಚನೇನೇ ಬಿಟ್ಬಿಟ್ಟೆ."

"ಯಾಕೆ?"

"ನಿಮ್ಮ ಕಣ್ಣು ಹೋಗ್ತಿದೆ ಅಂತ ನಂಬೋದೇ ನನಗೆ ಬೇಕಾಗಿತ್ತು."

ಸಿಸ್ಟರ್‌ಗೆ ಅರ್ಥವಾಗಲಿಲ್ಲ.

"ಖುಷಿಯಾಯ್ತು ನನಗೆ!" ಮೇಷ್ಟ್ರು ಅರಚಿದರು. "ಕೇಳಿಸ್ತಾ? ಖುಷಿಯಾಯ್ತು! ಕಣ್ಣು ಹೋದ್ರೆ ಡ್ಯೂಟಿಗೂ ಹೋಗಲ್ಲ, ತಮ್ಮನ ಮನೆಗೂ ಹೋಗಲ್ಲ, ನನ್ನ ಹತ್ರಾನೇ ಇರ್ತಾಳೆ ಅಂತ. ಇರಿ ಅಂತ ಬಾಯ್ಬಿಟ್ಟು ಕೇಳೋ ಗಂಡಸ್ತನ ಇಲ್ಲ, ನಿಮ್ಮ ಕಣ್ಣು ಬೇಗ ಹೋಗ್ಲಿ ಅಂತ ಬೇಡ್ಕೊಂಡೆ. ಡಾಕ್ಟರಿಗೆ ಹೇಳಿದ್ದು ಪೂರಾ ನಿಮ್ಮ ಒಳ್ಳೇದಕ್ಕೆ ಅಂದ್ಕೋಬೇಡಿ!"

ಅವಳಿಗೆ ಮೈ ಜುಮ್ಮೆಂದಿತು. ನಲವತ್ತು ವರ್ಷ ಸೂಜಿ-ದಾರ ಹಿಡಿದು ದುಡಿದ ಈ ಕಣ್ಣು... ಇದು ಹೋಗಲಿ ಅಂತ ಬೇಡಿಕೊಂಡವರು ಇವರು! ಕಪಾಳಕ್ಕೆ ಬಾರಿಸಬೇಕೆನಿಸಿತು. ಅದೇ ಕ್ಷಣಕ್ಕೆ, ಬದುಕಿನಲ್ಲಿ ತನ್ನನ್ನು ಇಷ್ಟು ಹಟದಿಂದ ಯಾರೂ ಬೇಕು ಅಂದುಕೊಂಡಿರಲಿಲ್ಲ ಅನ್ನುವುದೂ ಹೊಳೆಯಿತು. ತಮ್ಮಂದಿರಿಗೆ ಅವಳ ಸಂಬಳ ಬೇಕಿತ್ತು. ಆಸ್ಪತ್ರೆಗೆ ಅವಳ ಕೈ ಬೇಕಿತ್ತು. ಅದೂ ಈಗ ಬೇರೆ ಕೈ ಸಿಕ್ಕ ಮೇಲೆ ಬೇಡವಾಯಿತು.

ಅವಳು ಬಂದು ಅವರ ಎದುರು ನೆಲದ ಮೇಲೆ ಕೂತಳು. ಸುಟ್ಟ ಬೆರಳನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿದಳು. ಈ ಸಲ ಅವರು ಕೈ ಎಳೆದುಕೊಳ್ಳಲಿಲ್ಲ.

"ಕೆಲಸ ಹೋಯ್ತು ನಂದು" ಅಂದಳು. "ಇನ್ನು ಕೊಡು ಅಂದ್ರೂ ಕೊಡಲ್ಲ."

"ಗೊತ್ತು."

"ನಿಮ್ಮ ಕೈ ಮೊದಲಿನ ಹಾಗೆ ಪೂರ್ತಿ ಮೇಲೇಳಲ್ಲ. ಎಕ್ಸ್-ರೇ ನೋಡಿದೀನಿ."

"ಅದೂ ಗೊತ್ತು."

ಆಮೇಲೆ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು.

"ಇಲ್ಲೇ ಇದ್ದುಬಿಡಿ."

"ಪಾಪ ಅಂತ ಹೇಳ್ತಿದ್ದೀರಾ?"

"ನಿಮ್ಮಂಥೋಳನ್ನ ನೋಡಿ ಯಾವ ಮುಠ್ಠಾಳ ಪಾಪ ಅಂತಾನೆ? ನನಗೆ ಬೇಕು, ಅದಕ್ಕೆ ಹೇಳ್ತಿದ್ದೀನಿ."

ಸಿಸ್ಟರ್ ಅಳುತ್ತಾ ನಕ್ಕಳು. ಅವಳ ನಗು ಕೇಳಿ ಮೇಷ್ಟ್ರ ಮುಖ ಅವಳ ಕಡೆ ತಿರುಗಿತು.

"ಇನ್ಮೇಲೆ ನನ್ನನ್ನ ನಂಬ್ತೀರಾ?"

"ಇಲ್ಲ."

"ಮತ್ತೆ? ಕೈ ಸರಿಯಾದ್ಮೇಲೆ ನನ್ನ ಹಿಂದೆ ಕೂರ್ತೀರಾ?"

"ಕೂರ್ತೀನಿ."

"ನಂಬದೇನೇ?"

"ಹೆದರ್ಕೊಂಡೇ ಕೂರ್ತೀನಿ ಕಣೇ" ಅಂದರು ಮೇಷ್ಟ್ರು. "ನೀನು ಹೊರಡೋಣ ಅಂದ್ರೆ ಸಾಕು."