ನಮ್ಮ ತಾರಸಿ ಮೇಲಿನ ಗಾಳಿ

ಧ್ರುವ ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದಾಗ ಅವನನ್ನು ಮೊಬೈಲ್ ಟವರಿನವನು ಅಂದುಕೊಂಡು ಬೈದುಬಿಟ್ಟಿದ್ದೆ.

"ತಾರಸಿ ಕೊಡಲ್ಲ ಅಂತ ಹೋದ ತಿಂಗಳೇ ಹೇಳಿದ್ದೀವಿ. ಮತ್ತೆ ಯಾಕ್ರೀ ಬಂದ್ರಿ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನ ಹಿಂದೆ ಓಮ್ನಿ ವ್ಯಾನು, ಅದರೊಳಗೆ ಸೊಂಟದೆತ್ತರದ ತಗಡಿನ ಮೆಷಿನ್.

"ಟವರಲ್ಲ ಮೇಡಂ. ನಿಮ್ಮೂರಿನ ಗಾಳಿ ಎಷ್ಟು ಚೆನ್ನಾಗಿದೆ ಅಂತ ಅಳೀಬೇಕು."

"ಚೆನ್ನಾಗಿದೆ. ನಾನೇ ಬರೆದುಕೊಡ್ತೀನಿ, ಹೋಗಿ."

ನಗು ತಡೆಯಲು ಅವನು ಕೆಳತುಟಿ ಕಚ್ಚಿಕೊಂಡ. ಆಗಲಿಲ್ಲ. ನನ್ನ ಸಿಟ್ಟಿನ ಅಷ್ಟು ಹತ್ತಿರ ನಿಂತು ಯಾರೂ ಅಷ್ಟು ಚೆಂದವಾಗಿ ನಕ್ಕಿರಲಿಲ್ಲ.

ನಮ್ಮೂರು ಬಿಂಡಿಗನವಿಲೆಯಿಂದ ನಾಲ್ಕು ಕಿಲೋಮೀಟರ್. ಊರ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ. ಆ ಗುಡ್ಡ ಒಡೆದು ಜಲ್ಲಿ ಮಾಡಲು ಒಂದು ಕಂಪನಿ ಅರ್ಜಿ ಹಾಕಿತ್ತು. ಅನುಮತಿ ಸಿಗಬೇಕಾದರೆ ಪರಿಸರ ಕಾಯ್ದೆಯ ಪ್ರಕಾರ ಮೊದಲು ಅಧ್ಯಯನ ಆಗಬೇಕು. ಗಾಳಿ, ನೀರು, ಶಬ್ದ ಎಲ್ಲ ಅಳೆಯಬೇಕು. ಗಾಳಿಯದು ವಾರಕ್ಕೆ ಎರಡು ದಿನದಂತೆ ಹನ್ನೆರಡು ವಾರ, ಒಟ್ಟು ಇಪ್ಪತ್ನಾಲ್ಕು ದಿನ. ಇದನ್ನೆಲ್ಲ ಧ್ರುವನೇ ನನಗೆ ಹೇಳಿಕೊಟ್ಟಿದ್ದು. ಅವನು ಶ್ರೀರಂಗಪಟ್ಟಣದವನು, ತಂದೆ ದೇವಸ್ಥಾನದ ಅರ್ಚಕರು. ಎಂ.ಎಸ್ಸಿ. ಮುಗಿಸಿ ಇಂಥ ವರದಿ ಮಾಡಿಕೊಡುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ.

"ಈ ಅಧ್ಯಯನ ಸರಿಯಾಗಿ ಆದ್ರೆ ಗುಡ್ಡ ಉಳಿದ್ರೂ ಉಳೀಬಹುದು," ಅಂದ. ನಾನು ನಂಬಿದೆ, ತಾರಸಿ ಬಿಟ್ಟುಕೊಟ್ಟೆ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮೆಷಿನ್ ತಂದಿಡುತ್ತಿದ್ದ, ಮಾರನೇ ದಿನ ಬಂದು ಒಯ್ಯುತ್ತಿದ್ದ. ಒಳಗಿದ್ದ, ದೂಳು ಹಿಡಿಯುವ ಬಿಳಿ ಕಾಗದವನ್ನು ಚಿಮಟದಲ್ಲಿ ಹಿಡಿದು ನನಗೆ ತೋರಿಸುತ್ತಿದ್ದ. ಇಡೀ ಹಗಲು, ಇಡೀ ರಾತ್ರಿಯ ಗಾಳಿ ಹಾದುಹೋಗಿದ್ದರೂ ಅದು ಮಾಸಿರುತ್ತಿರಲಿಲ್ಲ.

"ನೋಡಿ, ನೀವು ಉಸಿರಾಡೋದು ಇದನ್ನೇ," ಅನ್ನುತ್ತಿದ್ದ. ನಾನು ಕಾಗದ ನೋಡುತ್ತಿದ್ದೆ. ಅವನು ಕಾಗದ ನೋಡುತ್ತಿರಲಿಲ್ಲ. ನಾನು ತಲೆಯೆತ್ತುತ್ತಲೇ ಗಡಿಬಿಡಿಯಲ್ಲಿ ಮೆಷಿನ್ನಿನ ಸ್ಕ್ರೂ ಹುಡುಕುತ್ತಿದ್ದ.

ಅವ್ವ ಮಂಗಳಮ್ಮ ಅವನಿಗೆ ಊಟ ಹಾಕುತ್ತಿದ್ದಳು. ಮುದ್ದೆಯನ್ನು ಅವನು ಚಪಾತಿಯಂತೆ ಅಗಿಯುತ್ತಿದ್ದ. "ಅಗೀಬ್ಯಾಡ ಕಣಪ್ಪ, ನುಂಗು," ಅಂತ ಅವ್ವ ನಗುತ್ತಿದ್ದಳು.

ಏಳನೇ ಸಲ ಬಂದಾಗ ಏಣಿ ಇಳಿಯುತ್ತಿದ್ದ ನನಗೆ ಕೈ ಕೊಟ್ಟ. ಇಳಿದ ಮೇಲೂ ಬಿಡಲಿಲ್ಲ.

"ಮಾನಸ, ಇನ್ನೂ ಹದಿನೇಳು ದಿನ ಇದೆ. ಅಷ್ಟರಲ್ಲಿ ನಿಮಗೊಂದು ಮಾತು ಹೇಳ್ತೀನಿ."

"ಈಗಲೇ ಹೇಳಬಹುದಲ್ಲ."

"ಧೈರ್ಯ ಬರಬೇಕು."

ಮಾರನೇ ದಿನ ಮೆಷಿನ್ ಒಯ್ದವನು ಮತ್ತೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ನಾನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ಮಂಗಳವಾರ, ಶುಕ್ರವಾರ ರಜೆ ಹಾಕಿ ತಾರಸಿ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ ಕೂತೆ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ರಸ್ತೆಯಲ್ಲಿ ಪ್ರತಿ ವ್ಯಾನಿನ ಸದ್ದಿಗೂ ಎದ್ದು ನಿಂತೆ. ಆಮೇಲೆ ಎದ್ದು ನಿಲ್ಲುವುದನ್ನು ಬಿಟ್ಟೆ.

ಜೂನಿನಲ್ಲಿ ಪಂಚಾಯ್ತಿಗೆ ವರದಿಯ ಪ್ರತಿ ಬಂತು. ಸಾರ್ವಜನಿಕರು ಓದಲಿ ಅಂತ ಇಡಬೇಕಂತೆ, ಲೈಬ್ರರಿಗೆ ಕೊಟ್ಟರು. ಓದಿದವಳು ನಾನೊಬ್ಬಳೇ.

ಗುಡ್ಡದಲ್ಲಿ ಮೇವಿಲ್ಲ ಅಂತಿತ್ತು. ಚಿಕ್ಕಪ್ಪ ಮಂಚಯ್ಯನ ಅರವತ್ತು ಕುರಿ ಹಾಗಾದರೆ ಕಲ್ಲು ತಿನ್ನುತ್ತಿದ್ದವೇನೋ. ಪುಟ ತಿರುವಿದೆ. 'ಶ್ರೀಮತಿ ಮಂಗಳಮ್ಮನವರ ಮನೆ ತಾರಸಿ' ಅಂತ ತಲೆಬರಹ. ಕೆಳಗೆ ಇಪ್ಪತ್ನಾಲ್ಕು ದಿನಾಂಕ, ಪ್ರತಿಯೊಂದರ ಮುಂದೆ ಗಾಳಿಯಲ್ಲಿದ್ದ ದೂಳಿನ ಲೆಕ್ಕ. ಎಂಟನೆಯದರಿಂದ ಲೆಕ್ಕ ಹೆಚ್ಚುತ್ತಾ ಹೋಗಿತ್ತು. ಈಗಲೇ ಇಷ್ಟು ದೂಳಿರುವ ಊರಿಗೆ ಕ್ವಾರಿ ಬಂದರೆ ದೊಡ್ಡ ವ್ಯತ್ಯಾಸವೇನಿಲ್ಲ ಅಂತ ತೀರ್ಮಾನ. ಮಾರ್ಚ್ ಕೊನೆಯ ಗಾಳಿಮಳೆಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಊರಿಗೇ ಕರೆಂಟಿರಲಿಲ್ಲ. ಆಗಲೂ ನಮ್ಮ ತಾರಸಿ ಮೇಲೆ ಮೆಷಿನ್ ಓಡಿತ್ತಂತೆ.

ಪುಟದ ಕೊನೆಯಲ್ಲಿ ಧ್ರುವನ ಸಹಿ.

ನಾನು ಅಳಲಿಲ್ಲ. ಪುಟದ ಫೋಟೋ ತೆಗೆದು ಅವನಿಗೆ ಕಳಿಸಿದೆ. ಒಂದು ಗಂಟೆಯೊಳಗೆ ಫೋನ್ ಬಂತು. ಮಾರನೇ ದಿನ ನಾಗಮಂಗಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಸೊರಗಿದ್ದ.

"ಮೆಷಿನ್ ಬೇರೆ ಕಡೆ ಬೇಕು ಅಂತ ಕಿತ್ಕೊಂಡು ಹೋದ್ರು, ಮಾನಸ. ಉಳಿದದ್ದನ್ನ ಆಫೀಸಲ್ಲೇ ತುಂಬಿಸಿ ಸಹಿ ಮಾಡು ಅಂದ್ರು. ಎಲ್ಲಾ ಕಡೆ ಹೀಗೇ ನಡೆಯುತ್ತೆ ಅಂದ್ರು."

"ನೀನು ಮಾಡಿದೆ."

"ಮಾಡಿದೆ. ಆಮೇಲೆ ನಿನ್ನ ಫೋನ್ ಎತ್ತೋಕೆ ಮುಖ ಇರ್ಲಿಲ್ಲ."

"ನಾನು ಕಾಯ್ತಾ ಕೂತಿದ್ದ ದಿನಗಳಿಗೆ ನೀನು ನಂಬರ್ ಬರೆದಿದ್ದೀಯ, ಧ್ರುವ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕೂತಿದ್ದೆ. ಆ ದಿನಗಳನ್ನೇ ಮಾರ್ಕೊಂಡಿದ್ದೀಯ."

ಅವನು ತಲೆ ತಗ್ಗಿಸಿದ. "ಇದನ್ನ ಹೊರಗೆ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ," ಅಂದೆ. ಬಿಂಡಿಗನವಿಲೆ ಬಸ್ಸು ಹೊರಟಿತ್ತು. ಓಡಿ ಹತ್ತಿದೆ.

ಕ್ವಾರಿ ಬಗ್ಗೆ ಊರವರ ಅಹವಾಲು ಕೇಳುವ ಸಭೆ ಜುಲೈಯಲ್ಲಿ, ಶಾಲೆ ಮೈದಾನದಲ್ಲಿ. ಶಾಮಿಯಾನ ಹಾಕಿದ್ದರು. ವೇದಿಕೆ ಮೇಲೆ ಜಿಲ್ಲೆಯ ಹಿರಿಯ ಅಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಹಿಳಾ ಅಧಿಕಾರಿ, ಎದುರಿಗೆ ವಿಡಿಯೋ ಕ್ಯಾಮೆರಾ. ಎಡಗಡೆ ಸಾಲಿನಲ್ಲಿ ಕಂಪನಿಯವರು, ವರದಿ ಮಾಡಿದ ಸಂಸ್ಥೆಯ ಮ್ಯಾನೇಜರ್, ಅವನ ಹಿಂದೆ ಧ್ರುವ.

ಮೈಕ್ ಸಿಕ್ಕಿದಾಗ ವರದಿಯ ಆ ಪುಟ ತೆರೆದೆ.

"ವರದಿಯಲ್ಲಿ ನಮ್ಮ ತಾರಸಿ ಮೇಲೆ ಇಪ್ಪತ್ನಾಲ್ಕು ದಿನ ಗಾಳಿ ಅಳೆದೆವು ಅಂತ ಬರೆದಿದ್ದಾರೆ. ಅಳೆದದ್ದು ಏಳು ದಿನ. ಮಿಕ್ಕಿದ್ದೆಲ್ಲ ಸುಳ್ಳು." ಕರೆಂಟ್ ಇಲ್ಲದ ದಿನದ ಲೆಕ್ಕವನ್ನೂ ಓದಿದೆ.

ಮ್ಯಾನೇಜರ್ ಎದ್ದ. "ನಮ್ಮ ಮೆಷಿನ್ ಬ್ಯಾಟರಿಯಲ್ಲೂ ಓಡುತ್ತೆ. ಈ ಹೆಣ್ಣುಮಗಳು ಕೆಲಸಕ್ಕೆ ಹೋಗೋರು. ನಮ್ಮ ಹುಡುಗ ಬಂದು ಹೋಗಿದ್ದು ಇವರಿಗೆ ಗೊತ್ತಾಗದೇ ಇರಬಹುದು."

"ಗೊತ್ತಾಗದೇ ಇರೋಕೆ ಸಾಧ್ಯ ಇಲ್ಲ," ಅಂದೆ.

ಮಂಡಳಿಯ ಅಧಿಕಾರಿ ಕೇಳಿದರು, "ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಮ್ಮ?"

ಅವ್ವ ಮೂರನೇ ಸಾಲಿನಲ್ಲಿ ಕೂತಿದ್ದಳು. ಇಡೀ ಊರು ಕೂತಿತ್ತು.

"ನಾನು ಅವನಿಗೋಸ್ಕರ ಕಾಯ್ತಿದ್ದೆ ಮೇಡಂ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಕೆಲಸಕ್ಕೆ ರಜೆ ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೂ ತಾರಸಿ ಮೇಲೆ ಕೂತಿದ್ದೆ. ಅವನ ಮೇಲೆ ಮನಸ್ಸಿತ್ತು, ಅದಕ್ಕೆ. ಅವನು ಬರಲಿಲ್ಲ."

ಕಂಪನಿಯವರ ಸಾಲಿನಲ್ಲಿ ಯಾರೋ ಕಿಸಕ್ಕೆಂದ. ನಗು ಹಬ್ಬಿತು.

"ನಗೋರು ನಗ್ಲಿ," ಅಂದೆ. "ನೀವು ಬರ್ಕೊಳ್ಳಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೋಬೇಕು ಅಂತ ಕಾನೂನಿದೆ."

ಅಧಿಕಾರಿ ನಗಲಿಲ್ಲ. ಬರೆದುಕೊಂಡರು.

ಧ್ರುವ ಎದ್ದ. ಮ್ಯಾನೇಜರ್ ಅವನ ಅಂಗಿ ಹಿಡಿದೆಳೆದ. ಬಿಡಿಸಿಕೊಂಡು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡ. ನನ್ನ ಮುಖ ನೋಡಲಿಲ್ಲ.

"ಇವರು ಹೇಳಿದ್ದು ನಿಜ. ಏಳು ದಿನ ಮಾತ್ರ. ಉಳಿದ ಹದಿನೇಳಕ್ಕೆ ಆಫೀಸಲ್ಲಿ ಕೂತು ಸಹಿ ಮಾಡಿದವನು ನಾನೇ. ಬರೆದುಕೊಡ್ತೀನಿ."

ಅಲ್ಲೇ ವೇದಿಕೆ ಮೇಲೆ ನಿಂತು ಎರಡು ಪುಟ ಬರೆದುಕೊಟ್ಟ.

ಮನೆಗೆ ಬಂದ ಮೇಲೆ ಅವ್ವ ಗೋಡೆ ಕಡೆ ತಿರುಗಿ ಕೂತಳು. "ಊರ್ ಮುಂದೆ ಮಾನ ಕಳ್ದ್‌ಬುಟ್ಟೆ ಕಣವ್ವ." ಚಿಕ್ಕಪ್ಪ ಮಂಚಯ್ಯ ಹೊಸಲ ಮೇಲೆ ಕೂತು ಅಂದ, "ಸುಳ್ ಬರೆದೋರ್ ಮಾನ ಓಗ್ನಿಲ್ಲ, ನಿಜ ಏಳ್ದೋಳ್ ಮಾನ ಯಂಗೆ ಓದಾತು? ಸುಮ್ಕಿರು ಅತ್ತಿಗೆ."

ಎರಡು ತಿಂಗಳಿಗೆ ಆದೇಶ ಬಂತು. ವರದಿ ನಂಬಲರ್ಹವಲ್ಲ, ಹೊಸದಾಗಿ ಅಧ್ಯಯನ ಮಾಡಿ ಅಂತ. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿಯನ್ನೇ ವಜಾ ಮಾಡಬಹುದು ಅಂತ ನಿಯಮವಿದೆ, ನಾನೇ ಓದಿದ್ದೇನೆ. ಕಂಪನಿಗೆ ಇನ್ನೊಂದು ಅವಕಾಶ ಸಿಕ್ಕಿತು. ಕೆಲಸ ಕಳೆದುಕೊಂಡವನು ಧ್ರುವ ಒಬ್ಬನೇ.

ಆದೇಶ ಬಂದ ವಾರ ಅವನು ಲೈಬ್ರರಿಗೆ ಬಂದ. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ಎದುರು ಬೆಂಚಿನಲ್ಲಿ ಕೂತ.

"ಅರ್ಜಿಯನ್ನೇ ವಜಾ ಮಾಡಿ ಅಂತ ಆದೇಶದ ಮೇಲೆ ಹಸಿರು ನ್ಯಾಯಮಂಡಳಿಗೆ ಹೋಗಬಹುದು," ಅಂದ. "ಮೂವತ್ತು ದಿನ ಟೈಮಿದೆ. ಸಾಕ್ಷಿಗೆ ನಾನು ಬರ್ತೀನಿ."

"ಅಷ್ಟು ಹೇಳೋಕೆ ಬಂದ್ಯಾ?"

"ಇಲ್ಲ." ಈ ಸಲ ಕಣ್ಣು ತಪ್ಪಿಸಲಿಲ್ಲ. "ನಿನ್ನನ್ನ ಪ್ರೀತಿಸ್ತೀನಿ. ನೀನು ಇಡೀ ಊರ ಮುಂದೆ ಹೇಳಿದೆ. ನಾನು ನಿನಗೊಬ್ಬಳಿಗೆ ಹೇಳೋಕೆ ಇಷ್ಟು ದಿನ ತಗೊಂಡೆ. ನನ್ನನ್ನ ಕ್ಷಮಿಸ್ತೀಯಾ?"

"ಇಲ್ಲ," ಅಂದೆ.

ಅವನು ತಲೆಯಾಡಿಸಿ ಎದ್ದ. ಬಾಗಿಲವರೆಗೆ ಹೋದ.

"ಕೂತ್ಕೋ," ಅಂದೆ. "ಕ್ಷಮಿಸಲ್ಲ ಅಂದೆ, ಹೋಗು ಅನ್ನಲಿಲ್ಲ. ಮೊದಲು ಮೇಲ್ಮನವಿ ಬರೆಯೋಣ. ಆಮೇಲೆ ಅವ್ವನ್ನ ಒಪ್ಪಿಸೋಣ, ನಿಮ್ಮಪ್ಪನ್ನ ಒಪ್ಪಿಸೋಣ, ಮದುವೆ ಆಗೋಣ. ಕ್ಷಮಿಸೋದನ್ನ ನಿಧಾನಕ್ಕೆ ನೋಡ್ತೀನಿ."